ನಲವತ್ತರಲ್ಲಿ ಮತ್ತೆ ಪಾಟಿಚೀಲ

ಬೇರೆ ಉದ್ಯೋಗ ಬಿಟ್ಟು ನರ್ಸ್ ಆಗಲು ಹೊರಟವರಿಗೆ ಅಮೆರಿಕದಲ್ಲಿ ಬಾಗಿಲು ಮುಚ್ಚಿಲ್ಲ. ಆದರೆ ಆ ಬಾಗಿಲಿನ ಮುಂದೆ ಒಂದೂವರೆ-ಎರಡು ವರ್ಷದ ಬೇರೊಂದು ಓದಿದೆ. ಅಲ್ಲಿ ಬುದ್ಧಿ ಎಷ್ಟು ಮುಖ್ಯವೋ ಲೆಕ್ಕಾಚಾರವೂ ಅಷ್ಟೇ ಮುಖ್ಯ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಂಬಿದವರು ಅಮೆರಿಕದ ಸಮುದಾಯ ಕಾಲೇಜೊಂದರ ಸಂಜೆಯ ಅಂಗರಚನಾಶಾಸ್ತ್ರ ತರಗತಿಗೆ ಒಮ್ಮೆ ಇಣುಕಬೇಕು. ಆಗತಾನೆ ಹೈಸ್ಕೂಲು ಮುಗಿಸಿದ ಹುಡುಗಿಯ ಪಕ್ಕದಲ್ಲಿ ಹಗಲೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ನಿಂತು ಬಂದ ಮಧ್ಯವಯಸ್ಸಿನ ಮಹಿಳೆ ಕೂತಿರುತ್ತಾರೆ. ಹಿಂದಿನ ಸಾಲಿನಲ್ಲಿ ಸೈನ್ಯದಿಂದ ನಿವೃತ್ತರಾದವರು, ಶಾಲಾ ಬಸ್ಸಿನ ಚಾಲಕರು, ಅಂಗಡಿ ಮುಚ್ಚಿದ ವ್ಯಾಪಾರಿಗಳು, ಮಕ್ಕಳನ್ನೆಲ್ಲ ಶಾಲೆಗೆ ಸೇರಿಸಿ ಈಗ ತಮ್ಮ ಓದಿಗೆ ಕೂತ ತಾಯಂದಿರು. ಎಲ್ಲರ ಎದುರಿಗೂ ಒಂದೇ ಪ್ಲಾಸ್ಟಿಕ್ ಅಸ್ಥಿಪಂಜರ, ಅನೇಕರ ಮನಸ್ಸಿನಲ್ಲಿ ಒಂದೇ ಗುರಿ: ನರ್ಸ್ ಆಗಬೇಕು.

ಆದರೆ ಇವರಲ್ಲಿ ಯಾರೂ ಇನ್ನೂ ನರ್ಸಿಂಗ್ ವಿದ್ಯಾರ್ಥಿಗಳಲ್ಲ. ನರ್ಸಿಂಗ್ ಓದಲು ಅರ್ಜಿ ಹಾಕುವ ಅರ್ಹತೆ ಪಡೆಯಲಿಕ್ಕಾಗಿ ಓದುತ್ತಿರುವವರು. ಪ್ರಿರಿಕ್ವಿಸಿಟ್ ಎಂದು ಅಲ್ಲಿ ಕರೆಯುವ ಈ ಪೂರ್ವಪಾಠಗಳನ್ನು ಒಳ್ಳೆಯ ಅಂಕಗಳೊಂದಿಗೆ ಮುಗಿಸಿದರೆ ಮಾತ್ರ ಅರ್ಜಿ. ಅರ್ಜಿ ಹಾಕಿದವರಿಗೆಲ್ಲ ಸೀಟು ಸಿಗುವುದೂ ಇಲ್ಲ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಗು ಪಿಯುಸಿಯಲ್ಲಿ ವಾಣಿಜ್ಯವನ್ನೋ ಕಲಾವಿಭಾಗವನ್ನೋ ಆರಿಸಿಕೊಂಡಿತೆಂದರೆ ವಿಜ್ಞಾನದ ದಾರಿ ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ಹದಿನಾರರಲ್ಲಿ ಮಾಡಿದ ಆಯ್ಕೆಯನ್ನು ಮೂವತ್ತಾರರಲ್ಲಿ ತಿದ್ದಿಕೊಳ್ಳುವುದು ಕಷ್ಟ. ಅಮೆರಿಕದ ವ್ಯವಸ್ಥೆ ಆ ತಿದ್ದುಪಡಿಗೆ ಅವಕಾಶ ಕೊಡುತ್ತದೆ. ಅದಕ್ಕೆ ಸಮಯ, ಹಣ, ಅಂಕಗಳ ರೂಪದಲ್ಲಿ ಸುಂಕವನ್ನೂ ವಸೂಲಿ ಮಾಡುತ್ತದೆ. ಪತಿಯ ಕೆಲಸದ ನಿಮಿತ್ತ ಆ ದೇಶಕ್ಕೆ ಹೋದ ಕನ್ನಡದ ಹೆಣ್ಣುಮಕ್ಕಳಲ್ಲಿ ಬಿ.ಕಾಂ., ಎಂ.ಎ., ಬಿ.ಇ. ಮಾಡಿದವರಿಗೂ, ವರ್ಷಗಟ್ಟಲೆ ಮನೆಯಲ್ಲಿದ್ದು ಈಗ ದುಡಿಯಲು ಬಯಸುವವರಿಗೂ ಇದು ತೆರೆದಿರುವ ದಾರಿಗಳಲ್ಲಿ ಒಂದು. ಆದ್ದರಿಂದ ಆ ಸುಂಕದ ಲೆಕ್ಕ ತಿಳಿದಿರುವುದು ಒಳ್ಳೆಯದು.

ಏನೇನು ಓದಬೇಕು?

ಕಾಲೇಜಿನಿಂದ ಕಾಲೇಜಿಗೆ ಪಟ್ಟಿ ಸ್ವಲ್ಪ ಬದಲಾಗುತ್ತದೆ. ಸಾಮಾನ್ಯವಾಗಿ ಕಾಣುವ ವಿಷಯಗಳಿವು: ಅಂಗರಚನಾ ಮತ್ತು ಶರೀರಕ್ರಿಯಾಶಾಸ್ತ್ರದ ಎರಡು ಭಾಗಗಳು, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಇಂಗ್ಲಿಷ್ ಬರವಣಿಗೆ, ಸಾಮಾನ್ಯ ಮನಶ್ಶಾಸ್ತ್ರ, ಹುಟ್ಟಿನಿಂದ ಮುಪ್ಪಿನವರೆಗಿನ ಬೆಳವಣಿಗೆಯ ಮನಶ್ಶಾಸ್ತ್ರ, ಕೆಲವೆಡೆ ಪೋಷಣಶಾಸ್ತ್ರ. ಪ್ರಯೋಗಾಲಯ ಇರುವ ವಿಜ್ಞಾನ ವಿಷಯಕ್ಕೆ ಸಾಮಾನ್ಯವಾಗಿ 4 ಕ್ರೆಡಿಟ್, ಉಳಿದವಕ್ಕೆ 3. ಎಲ್ಲ ಕೂಡಿದರೆ ಸುಮಾರು 30 ಕ್ರೆಡಿಟ್. ಪೂರ್ಣಾವಧಿ ವಿದ್ಯಾರ್ಥಿಗೆ ಇದು ಒಂದು ವರ್ಷದ ಓದು. ಕೆಲಸ ಮಾಡುತ್ತ ಓದುವವರಿಗೆ ಒಂದೂವರೆಯಿಂದ ಎರಡು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು.

ಇದಾದ ಮೇಲೆ ನರ್ಸಿಂಗ್‌ಗೆ ಹಲವು ಹಾದಿಗಳಿವೆ. ಸಮುದಾಯ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಒಂದು. ಶಿಕ್ಷಣತಜ್ಞೆ ಮಿಲ್ಡ್ರೆಡ್ ಮಾಂಟಾಗ್ ಅವರ ಯೋಜನೆಯಂತೆ 1952ರಲ್ಲಿ ಪ್ರಯೋಗವಾಗಿ ಆರಂಭವಾದ ಓದು ಇದು. ವಿಶ್ವವಿದ್ಯಾಲಯದ ನಾಲ್ಕು ವರ್ಷದ ಬಿ.ಎಸ್ಸಿ. ಪದವಿ ಇನ್ನೊಂದು. ಬೇರೆ ಯಾವುದೋ ವಿಷಯದಲ್ಲಿ ಈಗಾಗಲೇ ಪದವಿ ಪಡೆದವರಿಗಾಗಿ ಒಂದರಿಂದ ಒಂದೂವರೆ ವರ್ಷದಲ್ಲಿ ಮುಗಿಯುವ ತ್ವರಿತ ಬಿ.ಎಸ್ಸಿ. ಮೂರನೆಯದು. ಇದು ಬೇಗ ಮುಗಿಯುತ್ತದೆ, ಆದರೆ ಓದಿನ ಜತೆಗೆ ನೌಕರಿ ನಡೆಸುವುದು ಬಹುತೇಕ ಅಸಾಧ್ಯ. ಯಾವ ಹಾದಿಯಲ್ಲಿ ಹೋದರೂ ನೋಂದಾಯಿತ ನರ್ಸ್ ಆಗಲು ಕೊನೆಗೆ ಬರೆಯುವುದು ಒಂದೇ ಪರೀಕ್ಷೆ, ಎನ್‌ಕ್ಲೆಕ್ಸ್-ಆರ್‌ಎನ್. ಪೂರ್ವಪಾಠಗಳಂತೂ ಮೂರಕ್ಕೂ ಬೇಕು.

ಸರಪಳಿ ತಪ್ಪಿದರೆ ವರ್ಷ ಹೋಯಿತು

ಈ ವಿಷಯಗಳನ್ನು ಇಷ್ಟ ಬಂದ ಕ್ರಮದಲ್ಲಿ ಓದುವಂತಿಲ್ಲ. ಅಂಗರಚನಾಶಾಸ್ತ್ರದ ಮೊದಲ ಭಾಗ ಮುಗಿಯದೆ ಎರಡನೆಯದಿಲ್ಲ. ಆ ಮೊದಲ ಭಾಗಕ್ಕೆ ಸೇರಲೂ ಅನೇಕ ಕಾಲೇಜುಗಳು ಪ್ರಾಥಮಿಕ ಜೀವಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಕೇಳುತ್ತವೆ. ರಸಾಯನಶಾಸ್ತ್ರಕ್ಕೆ ಬೀಜಗಣಿತ ಬೇಕು. ಬೀಜಗಣಿತ ಮರೆತವರು ಪ್ರವೇಶಮಟ್ಟದ ಗಣಿತದಿಂದಲೇ ಶುರು ಮಾಡಬೇಕಾದೀತು. ಹೀಗೆ ಸರಪಳಿಯ ಮೊದಲ ಕೊಂಡಿ ಕೈಗೆ ಬಾರದಿದ್ದರೆ ಕೊನೆಯ ಕೊಂಡಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆ.

ಮತ್ತೊಂದು ತೊಡಕಿದೆ. ನರ್ಸಿಂಗ್ ಪ್ರವೇಶ ಅನೇಕ ಕಡೆ ವರ್ಷಕ್ಕೆ ಒಂದೋ ಎರಡೋ ಬಾರಿ ಮಾತ್ರ. ಅರ್ಜಿಯ ಕೊನೆಯ ದಿನದ ಹೊತ್ತಿಗೆ ಸೂಕ್ಷ್ಮಜೀವಿಶಾಸ್ತ್ರ ಇನ್ನೂ ನಡೆಯುತ್ತಿದ್ದರೆ, ಅಂಥ ಅರ್ಜಿಯನ್ನು ಸ್ವೀಕರಿಸದ ಕಾಲೇಜುಗಳಿವೆ. ಆದ್ದರಿಂದ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ಅರ್ಜಿಯ ದಿನಾಂಕವನ್ನು ಮೊದಲು ಗುರುತು ಮಾಡಿಕೊಂಡು, ಅಲ್ಲಿಂದ ಒಂದೊಂದೇ ಅವಧಿ ಹಿಂದೆ ಎಣಿಸುತ್ತ ಬಂದರೆ ಇವತ್ತು ಯಾವ ವಿಷಯಕ್ಕೆ ಹೆಸರು ನೋಂದಾಯಿಸಬೇಕೆಂಬುದು ತಾನಾಗಿ ಹೊರಬೀಳುತ್ತದೆ.

ಮಾದರಿಗೆ ನಾಲ್ಕು ಅವಧಿಗಳ ಯೋಜನೆ ಹೀಗಿರಬಹುದು. ಮೊದಲ ಅವಧಿಯಲ್ಲಿ ರಸಾಯನಶಾಸ್ತ್ರ ಮತ್ತು ಇಂಗ್ಲಿಷ್. ಎರಡನೆಯದರಲ್ಲಿ ಅಂಗರಚನಾಶಾಸ್ತ್ರದ ಮೊದಲ ಭಾಗ, ಜತೆಗೆ ಸಾಮಾನ್ಯ ಮನಶ್ಶಾಸ್ತ್ರ. ಮೂರನೆಯದರಲ್ಲಿ ಅದರ ಎರಡನೆಯ ಭಾಗ ಮತ್ತು ಬೆಳವಣಿಗೆಯ ಮನಶ್ಶಾಸ್ತ್ರ. ನಾಲ್ಕನೆಯದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ. ಪೋಷಣಶಾಸ್ತ್ರವನ್ನು ಕೇಳುವ ಕಾಲೇಜಾದರೆ ಅದನ್ನು ಬೇಸಿಗೆಯಲ್ಲಿ ಮುಗಿಸಬಹುದು. ಪ್ರತಿ ಅವಧಿಗೂ ಪ್ರಯೋಗಾಲಯದ ವಿಷಯ ಒಂದೇ ಇರುವುದನ್ನು ಗಮನಿಸಬೇಕು. ಹಾಗೇಕೆಂಬುದು ಮುಂದಿನ ಲೆಕ್ಕದಲ್ಲಿದೆ.

ವಾರಕ್ಕೆ 168 ಗಂಟೆ

ತರಗತಿಯಲ್ಲಿ ಕಳೆದ ಪ್ರತಿ ಗಂಟೆಗೆ ಮನೆಯಲ್ಲಿ ಕನಿಷ್ಠ ಎರಡು ಗಂಟೆ ಓದು ಎಂಬುದು ಅಲ್ಲಿನ ಕಾಲೇಜುಗಳ ಹಳೆಯ ನಿಯಮ. ಅಂಗರಚನಾಶಾಸ್ತ್ರಕ್ಕೆ ವಾರಕ್ಕೆ ಮೂರು ಗಂಟೆ ಪಾಠ, ಮೂರು ಗಂಟೆ ಲ್ಯಾಬ್ ಎಂದಿಟ್ಟುಕೊಂಡರೆ ಮನೆಯ ಓದು ಸೇರಿ 12ರಿಂದ 15 ಗಂಟೆ ಬೇಕು.

ವಾರಕ್ಕೆ ಇರುವುದು 168 ಗಂಟೆ. ದಿನಕ್ಕೆ ಏಳರಂತೆ ನಿದ್ದೆಗೆ 49 ಗಂಟೆ. ನೌಕರಿಗೆ 40. ಓಡಾಟಕ್ಕೆ 7. ಉಳಿಯುವುದು 72. ಅಡುಗೆ, ಊಟ, ಸ್ನಾನ, ಬಟ್ಟೆಬರೆ, ಮಕ್ಕಳ ಬೇಕುಬೇಡ ಎಂದು ದಿನಕ್ಕೆ ಆರು ಗಂಟೆ ತೆಗೆದರೆ ಅದರಲ್ಲಿ 42 ಹೋಯಿತು. ಕೈಯಲ್ಲಿರುವುದು 30 ಗಂಟೆ. ಲ್ಯಾಬ್ ಇರುವ ಒಂದು ವಿಷಯ, ಲ್ಯಾಬ್ ಇಲ್ಲದ ಇನ್ನೊಂದು ವಿಷಯ ತೆಗೆದುಕೊಂಡರೆ 21ರಿಂದ 24 ಗಂಟೆ ಆಗುತ್ತದೆ. ಉಸಿರಾಡಲು ಸ್ವಲ್ಪ ಜಾಗ ಉಂಟು. ಲ್ಯಾಬ್ ಇರುವ ಎರಡು ವಿಷಯ ತೆಗೆದುಕೊಂಡರೆ 30ಕ್ಕೆ 30 ಮುಗಿಯಿತು. ಮಗುವಿಗೆ ಎರಡು ದಿನ ಜ್ವರ ಬಂದರೆ ಆ ವಾರದ ಓದು ಹೋದಂತೆಯೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿ ಹಣಕ್ಕಿಂತ ಹೊತ್ತಿಗೆ ಚೆನ್ನಾಗಿ ಹೊಂದುತ್ತದೆ.

ಬೇಸಿಗೆ ಅವಧಿಯ ಆಸೆಯೂ ಹೀಗೆಯೇ ಮೋಸ ಮಾಡುತ್ತದೆ. ಹದಿನೈದು ವಾರದ ಪಾಠವನ್ನು ಎಂಟು ವಾರದಲ್ಲಿ ಮುಗಿಸುವ ತರಗತಿಗಳಿವೆ. ಪಾಠ ಕಡಿಮೆಯಾಗಿರುವುದಿಲ್ಲ, ವಾರದ ಹೊರೆ ಇಮ್ಮಡಿಯಾಗಿರುತ್ತದೆ. ಮನಶ್ಶಾಸ್ತ್ರವನ್ನೋ ಪೋಷಣಶಾಸ್ತ್ರವನ್ನೋ ಬೇಸಿಗೆಯಲ್ಲಿ ಓದಿ ಮುಗಿಸಬಹುದು. ನೌಕರಿ ಇಟ್ಟುಕೊಂಡು ಅಂಗರಚನಾಶಾಸ್ತ್ರವನ್ನು ಬೇಸಿಗೆಗೆ ಹಾಕಿಕೊಳ್ಳುವುದು ಅಪಾಯದ ಆಟ.

ಲ್ಯಾಬಿನೊಳಗೆ

ಇಪ್ಪತ್ತು ವರ್ಷದ ನಂತರ ವಿಜ್ಞಾನಕ್ಕೆ ಮರಳಿದವರನ್ನು ಮೊದಲು ಬೆದರಿಸುವುದು ಹೆಸರುಗಳ ಮಹಾಪೂರ. ಮನುಷ್ಯನ ಮೈಯಲ್ಲಿ 206 ಮೂಳೆಗಳು, 600ಕ್ಕೂ ಹೆಚ್ಚು ಸ್ನಾಯುಗಳು, ಮೆದುಳಿನಿಂದ ಹೊರಡುವ 12 ಜೊತೆ ನರಗಳು. ಮೂಳೆಗಳ ಹೆಸರಷ್ಟೇ ಸಾಲದು. ಒಂದೊಂದು ಮೂಳೆಯ ಮೇಲಿನ ಉಬ್ಬು, ತಗ್ಗು, ತೂತುಗಳಿಗೂ ಹೆಸರಿದೆ. ಲ್ಯಾಬಿನಲ್ಲಿ ಕುರಿಯ ಮೆದುಳು, ಕುರಿಯ ಹೃದಯ, ಹಸುವಿನ ಕಣ್ಣು, ಕೆಲವೆಡೆ ಬೆಕ್ಕನ್ನೂ ಕೊಯ್ದು ನೋಡಬೇಕು. ಮಾಂಸದ ಅಂಗಡಿಯ ಕಡೆಗೇ ಸುಳಿಯದ ಮನೆಗಳಿಂದ ಬಂದವರಿಗೆ ಇದೇ ಒಂದು ಪರೀಕ್ಷೆ. ಲ್ಯಾಬ್ ಪರೀಕ್ಷೆಯ ದಿನ ಮೇಜಿನಿಂದ ಮೇಜಿಗೆ ಸಾಗುತ್ತ, ಗುಂಡುಸೂಜಿ ಚುಚ್ಚಿದ ಭಾಗದ ಹೆಸರನ್ನು ಒಂದೆರಡು ನಿಮಿಷದಲ್ಲಿ ಕಾಗುಣಿತ ತಪ್ಪದೆ ಬರೆಯಬೇಕು.

ಸೂಕ್ಷ್ಮಜೀವಿಶಾಸ್ತ್ರದ ಲ್ಯಾಬಿನ ಸ್ವಭಾವ ಬೇರೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ಬಣ್ಣ ಹಚ್ಚುವ ವಿಧಾನವನ್ನು ಇಂದಿಗೂ ಅಲ್ಲಿ ಕೈಯಾರೆ ಮಾಡಿ ಕಲಿಯುತ್ತಾರೆ. ನೇರಳೆ ಬಣ್ಣ ಉಳಿಸಿಕೊಂಡ ಬ್ಯಾಕ್ಟೀರಿಯಾ ಒಂದು ಗುಂಪು, ಅದನ್ನು ಬಿಟ್ಟುಕೊಟ್ಟು ಕೊನೆಗೆ ಗುಲಾಬಿಯಾದದ್ದು ಇನ್ನೊಂದು. ಅನೇಕ ಕಾಲೇಜುಗಳಲ್ಲಿ ಅವಧಿಯ ಕೊನೆಗೆ ಪ್ರತಿಯೊಬ್ಬರಿಗೂ ಹೆಸರಿಲ್ಲದ ಬ್ಯಾಕ್ಟೀರಿಯಾದ ಒಂದು ನಳಿಕೆ ಕೊಟ್ಟು, ಇದು ಯಾವುದೆಂದು ಪತ್ತೆಹಚ್ಚಿ ಎನ್ನುತ್ತಾರೆ. ಹೆಜ್ಜೆಹೆಜ್ಜೆಗೂ ದಾಖಲೆ ಬರೆದಿಟ್ಟವರು ಗೆಲ್ಲುತ್ತಾರೆ. ನಾಳೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ಬೇಕಾಗುವುದೂ ಇದೇ ಅಭ್ಯಾಸ.

ಇದೆಲ್ಲ ಸೀಟು ಪಡೆಯಲು ಮಾಡುವ ಕಸರತ್ತು ಮಾತ್ರ ಎಂದುಕೊಂಡವರು ಮುಂದೆ ಕಷ್ಟಕ್ಕೆ ಬೀಳುತ್ತಾರೆ. ರಕ್ತದಲ್ಲಿ ಪೊಟ್ಯಾಸಿಯಂ ಇರಬೇಕಾದ ಮಟ್ಟ ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲ್. ಅದು ಏರಿದರೂ ಇಳಿದರೂ ಹೃದಯದ ಬಡಿತ ಹದ ತಪ್ಪಬಹುದು. ಹೃದಯದ ಸ್ನಾಯುವಿಗೂ ಈ ಲವಣಕ್ಕೂ ಏನು ಸಂಬಂಧ ಎಂಬುದನ್ನು ಪೂರ್ವಪಾಠದಲ್ಲಿ ಅರ್ಥಮಾಡಿಕೊಂಡವರಿಗೆ, ರಾತ್ರಿಪಾಳಿಯಲ್ಲಿ ಬಂದ ರಕ್ತಪರೀಕ್ಷೆಯ ವರದಿ ಬರೀ ಅಂಕಿಯಾಗಿ ಕಾಣದು, ಎಚ್ಚರಿಕೆಯಾಗಿ ಕಾಣುತ್ತದೆ. ಗಣಿತವೂ ಹಾಗೆಯೇ. 1,000 ಮಿಲಿಲೀಟರ್ ದ್ರವವನ್ನು 8 ಗಂಟೆಯಲ್ಲಿ ಕೊಡಬೇಕೆಂದರೆ ಗಂಟೆಗೆ 125 ಮಿಲಿಲೀಟರ್. ಒಂದು ಮಿಲಿಲೀಟರಿಗೆ 15 ಹನಿ ಬೀಳುವ ಕೊಳವೆಯಾದರೆ ನಿಮಿಷಕ್ಕೆ ಸುಮಾರು 31 ಹನಿ. ಈ ಲೆಕ್ಕ ತಪ್ಪಿದರೆ ಹೋಗುವುದು ಅಂಕವಲ್ಲ.

ಒಂದು ಸಿ ಗ್ರೇಡಿನ ಬೆಲೆ

ಹೆಚ್ಚಿನ ಕಾಲೇಜುಗಳಲ್ಲಿ ಪೂರ್ವಪಾಠಕ್ಕೆ ಕನಿಷ್ಠ ಸಿ ಗ್ರೇಡ್ ಸಾಕೆಂದು ಬರೆದಿರುತ್ತದೆ. ಇದನ್ನು ನಂಬಿ ಕೂತವರಿಗೆ ನಿರಾಸೆ ಕಾದಿದೆ. ಅರ್ಜಿ ಹಾಕಲು ಸಿ ಸಾಕು. ಸೀಟು ಪಡೆಯಲು ಅನೇಕ ಕಡೆ ಸಾಲದು. ಅರ್ಹತೆ ಇದ್ದರೂ ತಿರಸ್ಕೃತವಾದ ಅರ್ಜಿಗಳ ಸಂಖ್ಯೆ 2021ರಲ್ಲಿ ಆ ದೇಶದ ನಾಲ್ಕು ವರ್ಷದ ಪದವಿ ಮತ್ತು ಅದಕ್ಕೆ ಮೇಲಿನ ನರ್ಸಿಂಗ್ ಕೋರ್ಸುಗಳಲ್ಲೇ 91,938 ಎಂದು ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘ ಲೆಕ್ಕ ಕೊಟ್ಟಿತ್ತು. ಒಬ್ಬರೇ ಹಲವು ಕಡೆ ಅರ್ಜಿ ಹಾಕಿರುತ್ತಾರಾದ್ದರಿಂದ ಇದು ಜನರ ಸಂಖ್ಯೆಯಲ್ಲ, ಅರ್ಜಿಗಳ ಸಂಖ್ಯೆ. ನರ್ಸುಗಳ ಕೊರತೆಯ ಮಾತು ಎಲ್ಲೆಲ್ಲೂ ಇರುವ ದೇಶದಲ್ಲಿ ಸೀಟೇಕೆ ಸಿಗದು? ಕಲಿಸುವ ಅಧ್ಯಾಪಕರು ಸಾಲದು, ತರಬೇತಿಗೆ ಬೇಕಾದ ಆಸ್ಪತ್ರೆಗಳಲ್ಲಿ ಜಾಗ ಸಾಲದು.

ಎ ಗ್ರೇಡಿಗೆ 4, ಬಿಗೆ 3, ಸಿಗೆ 2 ಅಂಕ. ತಲಾ 4 ಕ್ರೆಡಿಟ್‌ನ ನಾಲ್ಕು ವಿಜ್ಞಾನ ವಿಷಯಗಳಲ್ಲಿ ಎರಡು ಎ, ಎರಡು ಬಿ ಬಂದರೆ ಸರಾಸರಿ 3.5. ಆ ಬಿಗಳಲ್ಲಿ ಒಂದು ಸಿ ಆಯಿತೆಂದರೆ ಅದು 3.25ಕ್ಕೆ ಇಳಿಯುತ್ತದೆ. ಪೈಪೋಟಿ ಇರುವ ಕಡೆ ಈ ಕಾಲು ಅಂಶವೇ ಸೀಟಿಗೂ ಮುಂದಿನ ವರ್ಷದ ಕಾಯುವಿಕೆಗೂ ನಡುವಿನ ಅಂತರವಾಗಬಹುದು. ಮತ್ತೆ ಓದಿ ತಿದ್ದಿಕೊಳ್ಳೋಣವೆಂದರೆ, ವಿಜ್ಞಾನ ವಿಷಯಗಳನ್ನು ಒಂದೇ ಬಾರಿ ಪುನರಾವರ್ತಿಸಲು ಬಿಡುವ ಕಾಲೇಜುಗಳುಂಟು.

ಆದ್ದರಿಂದ ಮೊದಲ ಎರಡು ಪರೀಕ್ಷೆಗಳಲ್ಲೇ ಕುಸಿದವರು ಕಾಲೇಜಿನ ಪಂಚಾಂಗದಲ್ಲಿ ಒಂದು ದಿನಾಂಕವನ್ನು ನೋಡಿಡಬೇಕು: ವಿಷಯವನ್ನು ಕೈಬಿಡಲು ಕೊನೆಯ ದಿನ. ಅದರೊಳಗೆ ಬಿಟ್ಟರೆ ಅಂಕಪಟ್ಟಿಯಲ್ಲಿ ಡಬ್ಲ್ಯೂ ಎಂಬ ಅಕ್ಷರ ಬೀಳುತ್ತದೆ, ಸರಾಸರಿಗೆ ಪೆಟ್ಟಾಗುವುದಿಲ್ಲ. ಕೆಲವು ಕಾಲೇಜುಗಳು ಅದನ್ನೂ ಒಂದು ಪ್ರಯತ್ನವೆಂದು ಎಣಿಸುವುದರಿಂದ ಕೇಳಿ ತಿಳಿದು ಬಿಡಬೇಕು. ಒಂದು ವಿಷಯವನ್ನು ಸಕಾಲದಲ್ಲಿ ಬಿಡುವುದು ಸೋಲಲ್ಲ. ಹಟಕ್ಕೆ ಬಿದ್ದು ಡಿ ತೆಗೆದುಕೊಂಡರೆ ಅದು ಅಂಕಪಟ್ಟಿಯಲ್ಲಿ ಉಳಿದುಬಿಡುತ್ತದೆ.

ಅಂಕಗಳೂ ಹಳಸುತ್ತವೆ

ವಯಸ್ಕ ವಿದ್ಯಾರ್ಥಿಗಳಿಗೆ ಅನಿರೀಕ್ಷಿತವಾಗಿ ಎದುರಾಗುವ ನಿಯಮ ಇನ್ನೊಂದಿದೆ. ವಿಜ್ಞಾನ ವಿಷಯಗಳಿಗೆ ಅನೇಕ ಕಾಲೇಜುಗಳು ಐದು, ಏಳು ಅಥವಾ ಹತ್ತು ವರ್ಷಗಳ ಅವಧಿ ಗೊತ್ತುಮಾಡಿವೆ. ಅದು ದಾಟಿದರೆ ಎಂಥ ಎ ಗ್ರೇಡೂ ಲೆಕ್ಕಕ್ಕಿಲ್ಲ. ಮೈಸೂರಿನಲ್ಲೋ ಧಾರವಾಡದಲ್ಲೋ 1998ರಲ್ಲಿ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವರಿಗೆ ಆ ಪದವಿ ತ್ವರಿತ ಕೋರ್ಸಿನ ಅರ್ಹತೆಗೆ ನೆರವಾಗಬಹುದು. ಅಂಗರಚನಾಶಾಸ್ತ್ರವನ್ನು ಮಾತ್ರ ಹೊಸದಾಗಿ ಓದಬೇಕಾದೀತು. ವಿದೇಶದ ಪದವಿಯನ್ನು ಮಾನ್ಯತೆ ಪಡೆದ ಮೌಲ್ಯಮಾಪನ ಸಂಸ್ಥೆಯ ಮೂಲಕ ಅಮೆರಿಕದ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕು. ಇದಕ್ಕೆ ನಮ್ಮ ವಿಶ್ವವಿದ್ಯಾಲಯದಿಂದ ಅಂಕಪಟ್ಟಿ ತರಿಸಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ ಮೊದಲ ಕೆಲಸ ಇದಾಗಬೇಕು.

ಅತಿ ನಿಧಾನವೂ ಇದೇ ಕಾರಣಕ್ಕೆ ಒಳ್ಳೆಯದಲ್ಲ. ವರ್ಷಕ್ಕೊಂದು ವಿಷಯದಂತೆ ಓದುತ್ತ ಹೋದರೆ, ಕೊನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಹಳಸಿರುತ್ತದೆ.

ಗ್ರೇಡುಗಳ ಜತೆಗೆ ಪ್ರವೇಶ ಪರೀಕ್ಷೆಯೂ ಇರುತ್ತದೆ. ಟೀಸ್ ಮತ್ತು ಹೆಸಿ ಎಂಬ ಎರಡು ಹೆಚ್ಚು ಬಳಕೆಯಲ್ಲಿವೆ. ಟೀಸ್‌ನಲ್ಲಿ ಓದಿ ಅರ್ಥಮಾಡಿಕೊಳ್ಳುವುದು, ಗಣಿತ, ವಿಜ್ಞಾನ, ಇಂಗ್ಲಿಷ್ ಎಂದು ನಾಲ್ಕು ಭಾಗ. ಅಂಗರಚನಾಶಾಸ್ತ್ರ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಇದನ್ನು ಬರೆಯುವುದು ಜಾಣತನ.

ಓದುವ ಬಗೆ

ಹಳೆಯ ಅಭ್ಯಾಸದವರು ಪುಸ್ತಕವನ್ನು ಮತ್ತೆ ಮತ್ತೆ ಓದಿ, ಸಾಲುಗಳಿಗೆ ಬಣ್ಣ ಬಳಿಯುತ್ತ ಕೂರುತ್ತಾರೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಂಥವರಿಗೆ ಪಾಠದಂತಿದೆ. ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಖಾಲಿ ಹಾಳೆಯಲ್ಲಿ ಹೃದಯದ ಚಿತ್ರ ಬರೆದು, ರಕ್ತ ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ಬಾಯಲ್ಲಿ ಹೇಳಿಕೊಳ್ಳುವುದು ಹತ್ತು ಸಲ ಓದುವುದಕ್ಕಿಂತ ಲೇಸು. ಭಾನುವಾರ ಎಂಟು ಗಂಟೆ ಒಟ್ಟಿಗೆ ಕೂರುವುದಕ್ಕಿಂತ ದಿನವೂ ಒಂದು ಗಂಟೆ ಕೂರುವುದು ಮೇಲು.

ಕನ್ನಡ ಶಾಲೆಯಲ್ಲಿ ಓದಿದವರಿಗೆ ಒಂದು ಅನುಕೂಲವೂ ಇದೆ. ವೈದ್ಯಕೀಯ ಪದಗಳು ಬಹುಪಾಲು ಗ್ರೀಕ್, ಲ್ಯಾಟಿನ್ ಮೂಲದ ಸಮಸ್ತಪದಗಳು. ಸಮಾಸ ಬಿಡಿಸಿದಂತೆಯೇ ಇವನ್ನೂ ಬಿಡಿಸಬಹುದು. ಪೆರಿ ಎಂದರೆ ಸುತ್ತ, ಕಾರ್ಡಿ ಎಂದರೆ ಹೃದಯ, ಐಟಿಸ್ ಎಂದರೆ ಉರಿಯೂತ. ಪೆರಿಕಾರ್ಡೈಟಿಸ್ ಎಂದರೆ ಹೃದಯವನ್ನು ಸುತ್ತಿರುವ ಪೊರೆಯ ಉರಿಯೂತ. ಹೆಪಟ್ ಯಕೃತ್ತು, ನೆಫ್ರ್ ಮೂತ್ರಪಿಂಡ. ಇಂಥ ನೂರು ತುಂಡುಗಳು ಗೊತ್ತಾದರೆ ಸಾವಿರ ಪದಗಳು ತಾವಾಗಿ ಅರ್ಥ ಬಿಟ್ಟುಕೊಡುತ್ತವೆ. ಪುಸ್ತಕದ ಖರ್ಚಿಗೆ ಹೆದರುವವರಿಗೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ 2013ರಲ್ಲಿ ಹೊರತಂದ ಅಂಗರಚನಾ ಮತ್ತು ಶರೀರಕ್ರಿಯಾಶಾಸ್ತ್ರದ ಪಠ್ಯಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಈ ವಿಷಯಗಳಿಗೆ ಈಗಲೇ ಸಿದ್ಧರಾಗಬಯಸುವ ನಮ್ಮ ವಿದ್ಯಾರ್ಥಿಗಳಿಗೂ ಅದು ಉಪಯುಕ್ತ.

ಹಣ, ವೀಸಾ ಮತ್ತು ಅಡ್ಡದಾರಿ

ಸಮುದಾಯ ಕಾಲೇಜಿನಲ್ಲಿ ಶುಲ್ಕ ವಿಶ್ವವಿದ್ಯಾಲಯಕ್ಕಿಂತ ಬಹಳ ಕಡಿಮೆ. ಪೂರ್ವಪಾಠಕ್ಕೆ ಹೆಚ್ಚಿನವರು ಅಲ್ಲಿಗೇ ಹೋಗುವುದು ಇದರಿಂದಲೇ. ಎಚ್-4 ವೀಸಾದಲ್ಲಿರುವ ಸಂಗಾತಿಗಳು ಕಾಲೇಜಿನಲ್ಲಿ ಓದಬಹುದು. ಆದರೆ ಪ್ರತ್ಯೇಕ ಅನುಮತಿ ಇಲ್ಲದೆ ಸಂಬಳದ ಕೆಲಸ ಮಾಡುವಂತಿಲ್ಲ, ಕೇಂದ್ರ ಸರ್ಕಾರದ ಶಿಕ್ಷಣ ಸಾಲ, ನೆರವು ಸಿಗುವುದಿಲ್ಲ. ಸ್ಥಳೀಯರಿಗಿರುವ ಕಡಿಮೆ ಶುಲ್ಕ ಇವರಿಗೂ ಅನ್ವಯಿಸುತ್ತದೆಯೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನರ್ಸ್ ಆದ ನಂತರ ಕೆಲಸ ಮಾಡಲು ಯಾವ ಅನುಮತಿ ಬೇಕು, ಅದು ಯಾವಾಗ ಸಿಗಬಹುದು ಎಂಬುದನ್ನು ಮೊದಲ ಶುಲ್ಕ ಕಟ್ಟುವ ಮುಂಚೆಯೇ ವಿಚಾರಿಸಬೇಕು.

ಎರಡು ವರ್ಷ, ಇಷ್ಟು ಹಣ ಸುರಿಯುವ ಮೊದಲು ಕೆಲಸ ತನಗೆ ಒಗ್ಗುವುದೇ ಎಂದು ನೋಡುವ ದಾರಿಯೂ ಇದೆ. ಪ್ರಮಾಣಿತ ಸಹಾಯಕ ನರ್ಸ್ ತರಬೇತಿಗೆ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ 75 ಗಂಟೆ. ಕೆಲವು ರಾಜ್ಯಗಳಲ್ಲಿ ಹೆಚ್ಚು. ರೋಗಿಯ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಮಲಮೂತ್ರ ಶುಚಿ ಮಾಡುವುದು, ಸಾಯುತ್ತಿರುವವರ ಬಳಿ ಕೂರುವುದು ಎಲ್ಲವೂ ಅಲ್ಲಿ ಎದುರಾಗುತ್ತದೆ. ಬಿಳಿ ಸಮವಸ್ತ್ರದ ಕನಸಿನಿಂದ ಬಂದವರು ಇಲ್ಲೇ ಹಿಂದೆ ಸರಿದರೆ ನಷ್ಟ ಕಡಿಮೆ. ಇಲ್ಲಿ ನಿಂತವರ ಮನಸ್ಸು ಗಟ್ಟಿಯಾಗುತ್ತದೆ.

ದಾರಿ ಉದ್ದವಿದ್ದಲ್ಲಿ ಅಡ್ಡದಾರಿ ಮಾರುವವರೂ ಇರುತ್ತಾರೆ. ಫ್ಲಾರಿಡಾದ ಮೂರು ನರ್ಸಿಂಗ್ ಶಾಲೆಗಳ ಹೆಸರಿನಲ್ಲಿ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾ, ಅಂಕಪಟ್ಟಿಗಳು ಮಾರಾಟವಾಗಿದ್ದವೆಂದು 2023ರ ಜನವರಿಯಲ್ಲಿ ಅಲ್ಲಿನ ತನಿಖಾಧಿಕಾರಿಗಳು ಬಯಲು ಮಾಡಿದರು. ಓದದೆ ಪದವಿ ಕೊಂಡವರಲ್ಲಿ ಅನೇಕರು ಪರವಾನಗಿ ಕಳೆದುಕೊಂಡರು. ಸೇರುವ ಶಾಲೆಗೆ ರಾಜ್ಯದ ನರ್ಸಿಂಗ್ ಮಂಡಳಿಯ ಒಪ್ಪಿಗೆ ಇದೆಯೇ ಎಂದು ಸ್ವತಃ ನೋಡುವುದಕ್ಕೆ ಹತ್ತು ನಿಮಿಷ ಸಾಕು.

ಸೇರುವ ಮುನ್ನ ಕೇಳಬೇಕಾದ ಆರು ಪ್ರಶ್ನೆ

1. ಅರ್ಜಿಯ ಕೊನೆಯ ದಿನ ಯಾವುದು? ಓದು ನಡೆಯುತ್ತಿರುವ ವಿಷಯ ಲೆಕ್ಕಕ್ಕೆ ಬರುತ್ತದೆಯೇ?
2. ವಿಜ್ಞಾನ ವಿಷಯಗಳು ಎಷ್ಟು ವರ್ಷ ಮಾನ್ಯ?
3. ಕನಿಷ್ಠ ಗ್ರೇಡ್ ಇರಲಿ, ಕಳೆದ ವರ್ಷ ಸೀಟು ಪಡೆದವರ ಸರಾಸರಿ ಎಷ್ಟಿತ್ತು?
4. ಒಂದು ವಿಷಯವನ್ನು ಎಷ್ಟು ಬಾರಿ ಓದಬಹುದು? ಡಬ್ಲ್ಯೂ ಒಂದು ಪ್ರಯತ್ನವೇ?
5. ಮನೆಯಿಂದಲೇ ಕಂಪ್ಯೂಟರಿನಲ್ಲಿ ಮಾಡಿದ ಲ್ಯಾಬನ್ನು ಒಪ್ಪುತ್ತೀರಾ?
6. ಯಾವ ಪ್ರವೇಶ ಪರೀಕ್ಷೆ ಬೇಕು, ಎಷ್ಟು ಅಂಕ?

ಉತ್ತರಗಳನ್ನು ಬಾಯಿಮಾತಿನಲ್ಲಿ ಬಿಡದೆ ಕಾಲೇಜಿನ ಸಲಹೆಗಾರರಿಂದ ಲಿಖಿತವಾಗಿ ಪಡೆಯುವುದು ಕ್ಷೇಮ.

ನಮ್ಮಲ್ಲಿ ಹೇಗೆ?

ಇದನ್ನೋದಿದ ಕರ್ನಾಟಕದ ವಿದ್ಯಾರ್ಥಿಗಳಿಗೆ, ಈ ವಿಷಯಗಳನ್ನು ನಾವು ಯಾವಾಗ ಓದುತ್ತೇವೆ ಎಂಬ ಪ್ರಶ್ನೆ ಬರಬಹುದು. ನಮ್ಮ ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಇವು ಪದವಿಯ ಒಳಗೇ ಇವೆ. 2021ರ ಪರಿಷ್ಕೃತ ಪಠ್ಯಕ್ರಮದಂತೆ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮೊದಲ ಸೆಮಿಸ್ಟರಿನಲ್ಲಿ, ಜೀವರಸಾಯನಶಾಸ್ತ್ರ, ಪೋಷಣಶಾಸ್ತ್ರ ಎರಡನೆಯದರಲ್ಲಿ, ಸೂಕ್ಷ್ಮಜೀವಿಶಾಸ್ತ್ರ ಮೂರನೆಯದರಲ್ಲಿ ಬರುತ್ತವೆ. ಅಲ್ಲಿ ಸೀಟಿಗೆ ಮುಂಚೆ ಪರೀಕ್ಷೆ, ಇಲ್ಲಿ ಸೀಟಿನ ನಂತರ ಪರೀಕ್ಷೆ. ಸೀಟು ಸಿಕ್ಕಿತೆಂದು ಮೊದಲ ಸೆಮಿಸ್ಟರನ್ನು ಹಗುರವಾಗಿ ಕಂಡವರಿಗೆ ಈ ವಿಷಯಗಳೇ ಬಾಕಿ ಉಳಿದು ಕಾಡುತ್ತವೆ.

ತಡವಾಗಿ ಬರುವವರಿಗೆ ನಮ್ಮಲ್ಲಿ ದಾರಿ ಕಿರಿದು. ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾಗೆ ವಿಜ್ಞಾನಕ್ಕೆ ಆದ್ಯತೆ ಇದ್ದರೂ ಬೇರೆ ವಿಭಾಗದವರಿಗೆ ಬಾಗಿಲು ಮುಚ್ಚಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಲ್ಲಿ ಅದಕ್ಕೆ 35 ವರ್ಷದ ಮಿತಿ ಇದೆ. ಜಿ.ಎನ್.ಎಂ. ಮುಗಿಸಿ ನೋಂದಣಿ ಪಡೆದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಓದಿ ಬಿ.ಎಸ್ಸಿ. ಪದವೀಧರರಾಗಬಹುದು. ವಾಣಿಜ್ಯ, ಕಲಾವಿಭಾಗ ಓದಿದ ಮಕ್ಕಳ ತಂದೆತಾಯಿ ಇದನ್ನು ಗಮನದಲ್ಲಿಡಬೇಕು.

ಮನೆಯವರ ಪಾಲು

ಅಲ್ಲಿಯಾಗಲಿ ಇಲ್ಲಿಯಾಗಲಿ, ಸಂಸಾರಸ್ಥರು ಓದಲು ಕೂತರೆ ಆ ಓದಿಗೆ ಮನೆಯವರೆಲ್ಲ ಸೇರಿದಂತೆಯೇ. ಮೇಲಿನ ಲೆಕ್ಕದಲ್ಲಿ ಮನೆಗೆಲಸಕ್ಕೆಂದು ತೆಗೆದ 42 ಗಂಟೆಗಳಲ್ಲಿ ಹತ್ತನ್ನು ಪತಿಯೋ ಪತ್ನಿಯೋ, ದೊಡ್ಡ ಮಕ್ಕಳೋ ಹೊತ್ತುಕೊಂಡರೆ ಬಿ ಗ್ರೇಡು ಎ ಆದೀತು. 'ಓದು, ನಮ್ಮದೇನೂ ಅಭ್ಯಂತರವಿಲ್ಲ' ಎಂಬ ಒಪ್ಪಿಗೆಯಿಂದ ಅನ್ನ ಬೇಯುವುದಿಲ್ಲ. ಯಾವ ದಿನ ಅಡುಗೆ ಯಾರದು, ಲ್ಯಾಬ್ ಇರುವ ಸಂಜೆ ಮಗುವನ್ನು ಕರೆತರುವವರು ಯಾರು ಎಂಬುದನ್ನು ಅವಧಿ ಶುರುವಾಗುವ ಮುಂಚೆಯೇ ಬರೆದು ಗೋಡೆಗೆ ಅಂಟಿಸಬೇಕು. ಮೂಳೆಗಳ ಹೆಸರು ಕೇಳಿ ಒಪ್ಪಿಸಿಕೊಳ್ಳುವ ಕೆಲಸವನ್ನು ಹತ್ತು ವರ್ಷದ ಮಗುವೂ ಮಾಡಬಲ್ಲದು. ಅದಕ್ಕೂ ನಾಲ್ಕು ಹೆಸರು ಬಂದಾವು.

ವಯಸ್ಸಿನ ಮಾತು ಬಂದರೆ, 1820ರಲ್ಲಿ ಹುಟ್ಟಿದ ಫ್ಲಾರೆನ್ಸ್ ನೈಟಿಂಗೇಲ್ ಮನೆಯವರ ವಿರೋಧವನ್ನು ದಾಟಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ತರಬೇತಿಗೆ ಸೇರಿದ್ದು 1851ರಲ್ಲಿ, ಮೂವತ್ತು ದಾಟಿದ ಮೇಲೆ. ಮನೆ ನಡೆಸಿದವರು, ಕಾಯಿಲೆಯ ಹಿರಿಯರನ್ನು ನೋಡಿಕೊಂಡವರು, ಕಚೇರಿಯಲ್ಲಿ ಸಿಡುಕುವ ಗಿರಾಕಿಯನ್ನು ಸಮಾಧಾನ ಮಾಡಿದವರು ರೋಗಿಯ ಬಳಿಗೆ ತರುವ ತಾಳ್ಮೆಯನ್ನು ಯಾವ ಪೂರ್ವಪಾಠವೂ ಕಲಿಸದು. ಅಂಥವರು ಕಲಿಯಬೇಕಾದ್ದು ಮೂಳೆ, ನರ, ಲವಣಗಳ ಪಾಠ. ಅದಕ್ಕೆ ಬೇಕಾದ್ದು ಒಂದು ಪಂಚಾಂಗ, ವಾರಕ್ಕೆ ಹದಿನೈದು ಗಂಟೆ, ಮತ್ತು ಒಂದು ಅವಧಿಗೆ ಲ್ಯಾಬ್ ಇರುವ ಒಂದೇ ವಿಷಯ ಸಾಕೆನ್ನುವ ವಿವೇಕ.